ಸಾಹುಕಾರರು ತೂಕ ಕಮ್ಮಿ ಬರಿ ಅಂದರೆ ವಿಶ್ವಾಸಿ ಏನು ಮಾಡಬೇಕು?

ಮಂಡಿ ಗುಮಾಸ್ತ:
ಎಲ್ಲರಿಗೂ ಕರ್ತನಲ್ಲಿ ವಂದನೆ. ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈಚೆಗೆ ಸಾಹುಕಾರರು ಸಣ್ಣ ರೈತರ ಮೂಟೆಗೆ ಒಂದೊಂದು ಕೆಜಿ ಕಮ್ಮಿ ಬರಿ ಅನ್ನುತ್ತಿದ್ದಾರೆ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಂದವರು ನನ್ನ ಚೀಟಿ ನಂಬಿ, ಕೊಟ್ಟಷ್ಟು ದುಡ್ಡು ತಗೊಂಡು ಬಸ್ ಹತ್ತುತ್ತಾರೆ. ಸಾಹುಕಾರರು ನನಗೆ ಕೆಟ್ಟದ್ದು ಮಾಡಿದವರಲ್ಲ, ಅಮ್ಮನ ಆಪರೇಷನ್‌ಗೆ ಕೇಳದೆಯೇ ದುಡ್ಡು ಕೊಟ್ಟವರು. ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರನ್ನು ಕೇಳಿದೆ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸಿ, ಅಧಿಕಾರವೆಲ್ಲ ದೇವರಿಂದಲೇ, ಎದುರಾಡಬೇಡ ಎಂದರು. ಅದರ ಅರ್ಥ ಇದೇನಾ?

ಕೊಪ್ಪದ ಅಕ್ಕ:
ತಮ್ಮಾ, ಮನೆ ನಡೀಬೇಕಲ್ವಾ. ಕಠಿಣ ಯಜಮಾನರಿಗೂ ಅಧೀನರಾಗಿರಿ ಅಂತ ಯೇಸುವಿನ ಶಿಷ್ಯ ಪೇತ್ರನೂ ಬರೆದಿದ್ದಾನೆ (1 ಪೇತ್ರ 2:18). ಪ್ರಾರ್ಥನೆ ಮಾಡು, ಬೇರೆ ಕೆಲಸ ಸಿಕ್ಕ ಮೇಲೆ ಬಿಡು.

ಸಾಗರದವ:
ಅಕ್ಕಾ, ದಯವಿಟ್ಟು 20ನೇ ವಚನದವರೆಗೂ ಓದಿ. ಒಳ್ಳೆಯದು ಮಾಡಿ ಕಷ್ಟ ಬಂದರೆ ತಾಳಿಕೊಳ್ಳಿ ಅಂತ ಅಲ್ಲಿದೆ. ಯಜಮಾನ ಹೇಳಿದ ಅಂತ ಇನ್ನೊಬ್ಬರ ದುಡ್ಡು ಕದಿಯಿರಿ ಅಂತ ಎಲ್ಲೂ ಇಲ್ಲ. ಯೆರೂಸಲೇಮಿನಲ್ಲಿ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಎಂದವನೂ ಇದೇ ಪೇತ್ರ (ಅಪೊಸ್ತಲರ ಕೃತ್ಯಗಳು 5:29).

ಬ್ರದರ್, ರೋಮಾಪುರ 13ರಲ್ಲಿ ಆಳುವವರು ಇರುವುದು ಕೆಟ್ಟದ್ದನ್ನು ತಡೆಯಲಿಕ್ಕೆ ಎಂದೂ ಇದೆ. ನಿಮ್ಮ ಸಾಹುಕಾರರ ಮೇಲೂ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಇದೆ, ತೂಕ ಅಳತೆಯ ಕಾನೂನು ಇದೆ. ಅವರ ಮಾತಿಗೆ ಕಮ್ಮಿ ಬರೆದರೆ ಆ ಅಧಿಕಾರವನ್ನೇ ಮೀರಿದ ಹಾಗಾಯಿತು. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11:1 ನೇರವಾಗೇ ಹೇಳುತ್ತದೆ.

ಹಾಗಂತ ಜಗಳಕ್ಕೆ ಹೋಗಬೇಡಿ. ದಾನಿಯೇಲನನ್ನು ನೋಡಿ. ಸೆರೆಯಾಗಿ ಹೋದ ಬಾಬೆಲಿನಲ್ಲಿ ರಾಜನ ಊಟ ತನಗೆ ಬೇಡ ಅನ್ನಿಸಿದಾಗ ಆ ಯೆಹೂದ್ಯ ಯುವಕ ತಟ್ಟೆ ತಳ್ಳಲಿಲ್ಲ, ಮೇಲಧಿಕಾರಿಯ ಹತ್ತಿರ ಅಪ್ಪಣೆ ಕೇಳಿದ. ಆ ಅಧಿಕಾರಿಗೆ, ಹುಡುಗರು ಸೊರಗಿದರೆ ರಾಜನಿಂದ ತನ್ನ ತಲೆ ಹೋದೀತು ಅನ್ನುವ ಭಯ. ದಾನಿಯೇಲ ಆ ಭಯವನ್ನು ಅರ್ಥ ಮಾಡಿಕೊಂಡು, ತನ್ನನ್ನೂ ಗೆಳೆಯರನ್ನೂ ನೋಡಿಕೊಳ್ಳುತ್ತಿದ್ದವನನ್ನು ಕೇಳಿದ: 10 ದಿನ ಬರೀ ಕಾಯಿಪಲ್ಲೆ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನ ಮಾಡಿ. ಎಷ್ಟು ಮರ್ಯಾದೆ ನೋಡಿ, ಆದರೆ ಹಿಡಿದ ಪಟ್ಟು ಬಿಡಲಿಲ್ಲ. ನಿಮ್ಮ ಸಾಹುಕಾರರಿಗೂ ಏನೋ ಒತ್ತಡ ಇರಬಹುದು, ಸಾಲವೋ, ಧಾರಣೆ ಬಿದ್ದಿದ್ದೋ. ಒಬ್ಬರೇ ಇದ್ದಾಗ ಅದನ್ನು ಕೇಳಿ. ಬೇಕಾದರೆ ಇನ್ನೆರಡು ತಾಸು ಜಾಸ್ತಿ ಕೆಲಸ ಮಾಡುತ್ತೇನೆ, ಸುಳ್ಳು ತೂಕ ಮಾತ್ರ ನನ್ನ ಕೈಯಲ್ಲಿ ಬರೆಯಲು ಆಗುವುದಿಲ್ಲ ಎಂದು ಹೇಳಿ. ಅಮ್ಮನಿಗೆ ಮಾಡಿದ ಉಪಕಾರವನ್ನೂ ನೆನೆಯಿರಿ, ಅದು ದೊಡ್ಡದು.

ಭದ್ರಾವತಿ ವಿಶ್ವಾಸಿ:
ಸಾಗರದವರು ಸರಿಯಾಗಿ ಹೇಳಿದರು. ಆದರೆ ಕೆಲಸ ಹೋದರೆ ಅಕ್ಕ ಕೇಳಿದ ಪ್ರಶ್ನೆ ಹಾಗೇ ಇರುತ್ತದೆ. ಅದಕ್ಕೆ ಮೊದಲೇ ಪಾಸ್ಟರಿಗೂ ಆ ಹಿರಿಯರಿಗೂ ಹೇಳಿಡಿ: ನಾನು ಹೀಗೆ ಮಾಡುತ್ತಿದ್ದೇನೆ, ಸಂಬಳ ನಿಂತರೆ ಸಭೆ ನನ್ನ ಮನೆ ನೋಡಿಕೊಳ್ಳುತ್ತದಾ? ಎದುರಾಡಬೇಡ ಎಂದವರು ಇದಕ್ಕೂ ಉತ್ತರ ಕೊಡಲಿ.