ಊಟದ ಮೇಜಿನ ಮೇಲೆ ಗ್ರಾಂಟ್ ಮತ್ತು ಲೀ

ಪರದೇಶದ ಇತಿಹಾಸವನ್ನು ಮಕ್ಕಳಿಗೆ ಕನ್ನಡದಲ್ಲಿ ತಿಳಿಸುವುದು ಹೇಗೆಂದು ಕೆಲವರು ಕೇಳಿದ್ದೀರಿ. ಪುಣೆಯ ಕೊಥ್ರೂಡಿನ ನಮ್ಮ ಮನೆಯಲ್ಲಿ ಕಳೆದ ವಾರ ನಡೆದದ್ದನ್ನು ಹೇಳುತ್ತೇನೆ. ಉತ್ತರದ ಒಕ್ಕೂಟಕ್ಕೂ ಅದರಿಂದ ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳಿಗೂ ನಡೆದ ಅಮೆರಿಕದ ಅಂತರ್ಯುದ್ಧದ ಸೇನಾನಿಗಳಲ್ಲಿ ಯಾರು ಮೇಲು ಎಂಬ ಚರ್ಚಾಸ್ಪರ್ಧೆಯಲ್ಲಿ ಮಗಳ ಪಾಲಿಗೆ ದಕ್ಷಿಣದ ಸೇನಾನಿ ರಾಬರ್ಟ್ ಲೀ ಬಂದಿದ್ದ.

“ಲೀ ನಮ್ಮ ಭೀಷ್ಮನ ಹಾಗೆ ಅಪ್ಪಾ, ಮನಸ್ಸಿಲ್ಲದಿದ್ದರೂ ಉಪ್ಪಿನ ಋಣಕ್ಕಾಗಿ ಹೋರಾಡಿದ” ಎಂದಳು. ಹೋಲಿಕೆ ಚೆನ್ನಾಗಿದೆ, ಆದರೆ ಉಪ್ಪು ಯಾರದೆಂದು ನೋಡಬೇಕಲ್ಲವೇ? ಭೀಷ್ಮ ಉಂಡದ್ದೂ ಕಾದಿದ್ದೂ ಹಸ್ತಿನಾವತಿಗಾಗಿ. 1829ರಲ್ಲಿ ವೆಸ್ಟ್ ಪಾಯಿಂಟಿನ ಸೇನಾ ಶಾಲೆಯಿಂದ ಹೊರಬಂದ ಲೀ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಂಡದ್ದು ಒಕ್ಕೂಟದ ಸೇನೆಯ ಅನ್ನ. 1861ರ ಏಪ್ರಿಲಿನಲ್ಲಿ ಆ ಕಡೆಯ ಸೇನಾಧಿಪತ್ಯವೇ ಬಾಗಿಲಿಗೆ ಬಂದಾಗ ಒಲ್ಲೆನೆಂದು, ರಾಜೀನಾಮೆ ಕೊಟ್ಟು, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ಪಕ್ಷದಲ್ಲಿದ್ದ ತನ್ನ ತವರು ರಾಜ್ಯ ವರ್ಜೀನಿಯಾದ ಜೊತೆ ನಿಂತ. ಒಕ್ಕೂಟದ ಸೇನಾನಿಯಾಗಿ ಲೀಯೆದುರು ನಿಂತ ಯುಲಿಸಿಸ್ ಗ್ರಾಂಟನಾದರೋ ಕೈಯಲ್ಲಿ ಕಾಸಿಲ್ಲದ 1859ರಲ್ಲೂ ತನ್ನ ಗುಲಾಮ ವಿಲಿಯಂ ಜೋನ್ಸನನ್ನು ಮಾರದೆ ಬಿಡುಗಡೆ ಮಾಡಿದ್ದ.

ಯುದ್ಧದ ಮಾತಿಗೆ ಬಂದಾಗ ಕರಿಬೇವಿನ ಕಡ್ಡಿ ಮಿಸಿಸಿಪ್ಪಿ ನದಿಯಾಯಿತು, ಶೇಂಗಾ ಬೀಜ ಸೈನ್ಯವಾಯಿತು. ಆ ನದಿಯ ದಡದಲ್ಲಿ ದಕ್ಷಿಣದವರ ಹಿಡಿತದಲ್ಲಿದ್ದ ವಿಕ್ಸ್‌ಬರ್ಗ್ ಕೋಟೆಯನ್ನು ನೇರವಾಗಿ ಹಿಡಿಯಲಾಗದೆ ಗ್ರಾಂಟ್ ರಾತ್ರಿಯಲ್ಲಿ ಹಡಗುಗಳನ್ನು ಫಿರಂಗಿಗಳ ಮುಂದೆಯೇ ಸಾಗಿಸಿ, ದಕ್ಷಿಣದಲ್ಲಿ ನದಿ ದಾಟಿ, ಪೂರ್ವದ ಜಾಕ್ಸನ್ ಪಟ್ಟಣದವರೆಗೆ ಹೋಗಿ, ಅಲ್ಲಿಂದ ತಿರುಗಿ ಕೋಟೆಯ ಬೆನ್ನಿಗೆ ಬಂದ. ಶೇಂಗಾ ಸುತ್ತು ಹಾಕಿದ್ದನ್ನು ಕಂಡು ಮಗಳು ಸುಮ್ಮನಾದಳು. 47 ದಿನಗಳ ಮುತ್ತಿಗೆಯ ನಂತರ, 1863ರ ಜುಲೈ 4ರಂದು ಕೋಟೆ ಶರಣಾಯಿತು. ಗೆಟಿಸ್‌ಬರ್ಗಿನಲ್ಲಿ ಲೀ ಸೋತದ್ದು ಅದರ ಹಿಂದಿನ ದಿನ.

ಲೀ ಸಾಮಾನ್ಯನಲ್ಲ. ಚಾನ್ಸೆಲರ್ಸ್‌ವಿಲ್ಲಿನಲ್ಲಿ ತನ್ನ ಎರಡರಷ್ಟಿದ್ದ ಶತ್ರುವಿನೆದುರು ಸೈನ್ಯವನ್ನು ಒಡೆದು ನಿಲ್ಲಿಸಿ ಗೆದ್ದ ಧೈರ್ಯಕ್ಕೆ ಸಾಟಿಯಿಲ್ಲ. ಆದರೆ ಅವನ ಕಣ್ಣು ಹೆಚ್ಚಾಗಿ ವರ್ಜೀನಿಯಾದ ಮೇಲೆಯೇ ಇತ್ತು. 1864ರಲ್ಲಿ ಗ್ರಾಂಟ್ ಇಡೀ ದೇಶವನ್ನು ಒಂದೇ ಕಣವೆಂದು ಬಗೆದು ಶರ್ಮನ್ ಮುಂತಾದ ತನ್ನ ಸೇನಾನಿಗಳನ್ನು ಏಕಕಾಲಕ್ಕೆ ಮುನ್ನಡೆಸಿದ. ಕೋಲ್ಡ್ ಹಾರ್ಬರಿನ ಕದನದಲ್ಲಿ ಸೈನಿಕರನ್ನು ಬಲಿಗೊಟ್ಟದ್ದು ಅವನ ದೊಡ್ಡ ತಪ್ಪು, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಅವನನ್ನು ಕಟುಕನೆಂದು ಜರೆಯುವವರು ಮಾತ್ರ, ಸೈನ್ಯದ ಪ್ರಮಾಣಕ್ಕೆ ಹೋಲಿಸಿದರೆ ಲೀಯೇ ಹೆಚ್ಚು ಜನರನ್ನು ಕಳೆದುಕೊಂಡನೆಂಬುದನ್ನು ಮರೆಯುತ್ತಾರೆ.

1865ರ ಏಪ್ರಿಲ್ 9ರಂದು ಅಪ್ಪೊಮ್ಯಾಟಕ್ಸಿನಲ್ಲಿ ಶರಣಾಗಲು ಲೀ ಹೊಸ ಸಮವಸ್ತ್ರದಲ್ಲಿ ಬಂದ, ಗ್ರಾಂಟ್ ಕೆಸರು ಮೆತ್ತಿದ ಅಂಗಿಯಲ್ಲಿ. ಸೋತವರು ಉಳುಮೆಗಾಗಿ ತಮ್ಮ ಕುದುರೆಗಳನ್ನು ಒಯ್ಯಲಿ ಎಂದು ಬಿಟ್ಟು, ಹಸಿದಿದ್ದ ಅವರಿಗೆ ಗ್ರಾಂಟ್ 25,000 ಜನರ ಊಟ ಕಳುಹಿಸಿದ.

ಮಗಳು ಪಕ್ಷ ಬದಲಿಸುವಂತಿರಲಿಲ್ಲ. ಭಾಷಣದಿಂದ ಭೀಷ್ಮನನ್ನಷ್ಟೇ ಹೊಡೆದುಹಾಕಿ, ಎರಡೂ ಸೈನ್ಯಗಳನ್ನು ತಿಂದು ಮುಗಿಸಿದಳು.