‘ವಾರ್ಮ್ ಮಿಕ್ಸ್’ ಡಾಂಬರಿಗೆ ‘ಬೆಚ್ಚನೆಯದು’ ಅಂದ್ರೆ ನಡೀತದೇನ್ರಿ?

ಶರಣು.

ಇಂಧನ ಉಳಿಸುವ ಡಾಂಬರು ಕೆಲಸದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಕಲಬುರಗಿ ಸುತ್ತಿನ ಮೇಸ್ತ್ರಿಗಳು. ಹಾಟ್, ವಾರ್ಮ್, ಕೋಲ್ಡ್ ಮಿಕ್ಸ್‌ಗಳಿಗೆ ಬಿಸಿ, ಬೆಚ್ಚನೆ, ತಣ್ಣನೆ ಎಂದು ಬರೆದು ಕೈ ತೊಳೆದುಕೊಂಡಿದ್ದೆ. ಈಗ ಕೊನೆಯ ಎರಡು ಪದಗಳೂ ಕುತ್ತಿಗೆಗೆ ಬಂದಿವೆ.

ಹಾಟ್ ಮಿಕ್ಸಿಗೆ ಖಡಿಯನ್ನೂ (ಜಲ್ಲಿಕಲ್ಲು) ಡಾಂಬರನ್ನೂ 150–160 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ವಾರ್ಮ್ ಮಿಕ್ಸಿನಲ್ಲಿ ರಾಸಾಯನಿಕ ಸೇರಿಸಿಯೋ, ಕಾದ ಡಾಂಬರಿಗೆ ತುಸು ನೀರು ಬಿಟ್ಟು ನೊರೆ ಬರಿಸಿಯೋ ಸುಮಾರು 30 ಡಿಗ್ರಿ ಕಡಿಮೆಯಲ್ಲೇ ಕಲಸಬಹುದು. ಉರಿಸುವ ಎಣ್ಣೆ ಉಳಿಯುತ್ತದೆ, ಹೊಗೆಯೂ ಕಡಿಮೆ. ಆದರೂ ಅದು 120–130 ಡಿಗ್ರಿ! ಬೆಚ್ಚಗಿರುವುದು ಕೌದಿ, ಕೂಸಿಗೆ ಎರೆಯುವ ನೀರು. ಬೆಚ್ಚಗದ ಅಂತ ಓದಿ ಯಾರಾದರೂ ಬರಿಗೈ ಇಟ್ಟರೆ ಪಾಪ ನನಗೇ.

‘ತಣ್ಣನೆ ಮಿಶ್ರಣ’ ಓದಿ ಮೇಸ್ತ್ರಿಯೊಬ್ಬರು ನಕ್ಕೇಬಿಟ್ಟರು: “ಆರಿದ ಮಾಲ್ ಯಾರ್ ಹಾಕ್ತಾರ್ರಿ? ರೋಲರ್ ಹೊಡದ್ರೂ ಕೂಡಂಗಿಲ್ಲ ಅದು.” ಅವರ ಲೆಕ್ಕದಲ್ಲಿ ತಣ್ಣಗಾಯಿತೆಂದರೆ ಮಾಲು ಕೆಟ್ಟಿತು. ಇದೋ ಆರಿದ್ದಲ್ಲ, ಖಡಿ ಕಾಯಿಸದೇ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಹಾಕಿ ಕಲಸಿದ್ದು. ‘ಕಾಯಿಸದ ಮಾಲು’ ಅಂದೆ, ಒಪ್ಪಿದರು. ಮಳೆಗಾಲದ ತಗ್ಗು ಮುಚ್ಚಲು ಅನುಕೂಲ ಎಂದೂ ಸೇರಿಸಿದೆ. (ಮೊದಲು ‘ಗುಂಡಿ ಮುಚ್ಚಲು’ ಅಂತಿತ್ತು. ನಮ್ಮ ಕಡೆ ಗುಂಡಿ ಇರುವುದು ಅಂಗಿಗೆ.)

ಎಮಲ್ಷನ್ ‘ಬ್ರೇಕ್’ ಆಗುವುದಕ್ಕೆ ಮಾತ್ರ ಪದ ಹುಡುಕುವ ಕೆಲಸವೇ ಬೀಳಲಿಲ್ಲ. ನೀರಿನಲ್ಲಿ ಡಾಂಬರಿನ ಸಣ್ಣ ಹನಿಗಳಿರುವಾಗ ಅದು ಕಂದು ಬಣ್ಣ. ಖಡಿಗೆ ತಾಗಿ ನೀರು ಬೇರೆಯಾದಾಗ ಕಪ್ಪು. “ಹಾಲ್ ಒಡದಂಗ” ಅಂದರು ಅವರೇ. ಹಾಲು ಒಡೆದರೆ ನಷ್ಟ, ಇದು ಒಡೆಯದಿದ್ದರೆ ನಷ್ಟ.

ಹಳೆ ರಸ್ತೆಯ ಮೇಲ್ಪದರವನ್ನು ಯಂತ್ರದಿಂದ ತೆಗೆದು ಮತ್ತೆ ಬಳಸುವ ಪುಡಿಗೆ ‘ಹೆರೆದ ಡಾಂಬರು’ ಅಂತ ಇಟ್ಟಿದ್ದೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2015ರ ಮಾರ್ಗಸೂಚಿ ಐಆರ್‌ಸಿ 120 ಈ ಕೆಲಸದ್ದೇ. ‘ಮರುಬಳಕೆ ಡಾಂಬರು’ ಕಚೇರಿಗೆ ಸರಿ, ಕೆಲಸದ ಜಾಗದಲ್ಲಿ ಯಾರ ಬಾಯಲ್ಲೂ ಹೊರಳುವುದಿಲ್ಲ.

ಉಳಿದದ್ದು ವಾರ್ಮ್ ಮಿಕ್ಸ್. ‘ಅರೆಬಿಸಿ’ ಅಂದರೆ ಅರ್ಧಕ್ಕೇ ಉರಿ ಆರಿಸಿದಂತೆ ಕೇಳಿಸುತ್ತದೆ. ‘ಹದಗಾವು’ ಚೆಂದವಿದೆ, ಆದರೆ ಹಾಟ್ ಮಿಕ್ಸಿಗೂ ಅದರದೇ ಹದ ಇರುತ್ತದಲ್ಲ. ‘ಕಡಿಮೆ ಕಾವಿನ ಮಾಲು’ ಉದ್ದವಾಯಿತು, ಸದ್ಯ ಅದನ್ನೇ ಇಟ್ಟಿದ್ದೇನೆ. ಬೀದರ, ಯಾದಗಿರಿ ಕಡೆಯ ಪ್ಲಾಂಟುಗಳಲ್ಲಿ ದುಡಿದವರು ಇದಕ್ಕೆ ಏನಂತೀರಿ?