ಕುರು ರೋಗ: ಪ್ರೋಟೀನ್ ಸೋಂಕಾಗಿ ಹರಡುವುದು ಹೇಗೆ?

ಪ್ರಶ್ನೆ:
ಪಪುವಾ ನ್ಯೂಗಿನಿಯ ಫೋರೆ ಜನರನ್ನು ಕಾಡಿದ ಕುರು ಎಂಬ ಮಾರಕ ಮೆದುಳಿನ ರೋಗಕ್ಕೆ ವೈರಸ್ ಅಲ್ಲ, ಪ್ರಿಯಾನ್ ಎಂಬ ಪ್ರೋಟೀನ್ ಕಾರಣವೆಂದು ಓದಿದೆ. ಡಿಎನ್‌ಎ, ಆರ್‌ಎನ್‌ಎ ಎರಡೂ ಇಲ್ಲದ ವಸ್ತು ದೇಹದೊಳಗೆ ಹೆಚ್ಚುತ್ತಾ ಹೋಗುವುದು ಹೇಗೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಪ್ರಿಯಾನ್ ಹೊಸ ಪ್ರೋಟೀನನ್ನು ತಯಾರಿಸುವುದಿಲ್ಲ. ನಮ್ಮ ನರಕೋಶಗಳ ಮೇಲ್ಮೈಯಲ್ಲಿ ಸಹಜವಾಗಿಯೇ ಇರುವ ಅದೇ ಪ್ರೋಟೀನನ್ನು, ಅದರ ಅಮೈನೋ ಆಮ್ಲಗಳ ಕ್ರಮವನ್ನು ಬದಲಿಸದೆ, ತನ್ನಂತೆಯೇ ತಪ್ಪಾಗಿ ಮಡಚಿಕೊಳ್ಳುವಂತೆ ಮಾಡುತ್ತದೆ. ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ಒಂದು ಹರಳಿನ ಸುತ್ತ ಕಲ್ಲುಸಕ್ಕರೆ ಬೆಳೆಯುವಂತೆ, ಹೀಗೆ ಆಕಾರ ಕಳೆದುಕೊಂಡ ಅಣುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ಅವನ್ನು ಒಡೆಯಲು ಕೋಶಕ್ಕೆ ಸಾಧ್ಯವಾಗದೆ ಮೆದುಳು ಕ್ರಮೇಣ ಸ್ಪಂಜಿನಂತೆ ರಂಧ್ರಮಯವಾಗುತ್ತದೆ.

ಉತ್ತರ 2:
ಇದರ ಹಿನ್ನೆಲೆಯನ್ನೂ ಹೇಳಲೇಬೇಕು. ಸತ್ತ ಬಂಧುಗಳ ದೇಹವನ್ನು ಗೌರವದಿಂದ ತಿನ್ನುವ ಅಂತ್ಯಸಂಸ್ಕಾರ ಫೋರೆ ಜನರಲ್ಲಿತ್ತು; ಮೆದುಳು ಹೆಚ್ಚಾಗಿ ಹೆಂಗಸರು, ಮಕ್ಕಳ ಪಾಲಿಗೆ ಬರುತ್ತಿದ್ದುದರಿಂದ ರೋಗಕ್ಕೆ ಅವರೇ ಹೆಚ್ಚು ಬಲಿಯಾದರು. ಶೋಕದ ಈ ಆಚರಣೆಯನ್ನು ಕ್ರೌರ್ಯವೆಂದು ಬಣ್ಣಿಸುವುದು ಅನ್ಯಾಯ. 1959ರಲ್ಲಿ ಪಶುವೈದ್ಯ ವಿಲಿಯಂ ಹ್ಯಾಡ್ಲೋ ಕುರುವಿಗೂ ಕುರಿಗಳ ಮೆದುಳಿಗೆ ತಗಲುವ ಸ್ಕ್ರೇಪಿ ರೋಗಕ್ಕೂ ಇರುವ ಹೋಲಿಕೆಯನ್ನು ಗುರುತಿಸಿದರು. ಪ್ರಿಯಾನ್ ಎಂಬ ಹೆಸರನ್ನು 1982ರಲ್ಲಿ ಕೊಟ್ಟವರು ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್. ಬಹುಕಾಲ ವಿರೋಧ ಎದುರಿಸಿದ ಅವರಿಗೆ 1997ರಲ್ಲಿ ನೊಬೆಲ್ ಬಂದಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆ ಆಚರಣೆ 1950ರ ದಶಕದ ಕೊನೆಯ ಹೊತ್ತಿಗೆ ಬಹುತೇಕ ನಿಂತಿತ್ತಲ್ಲವೇ? ಆಮೇಲೂ ರೋಗ ಕಾಣಿಸಿಕೊಂಡದ್ದೇಕೆ?

ಉತ್ತರ 1:
ಸೋಂಕು ತಗುಲಿ ಲಕ್ಷಣಗಳು ಕಾಣುವವರೆಗಿನ ಅವಧಿ ಕೆಲವರಲ್ಲಿ 50 ವರ್ಷಗಳನ್ನೂ ಮೀರಿತ್ತು. ಬಾಲ್ಯದಲ್ಲಿ ಸೋಂಕು ಪಡೆದವರು ಮುಪ್ಪಿನಲ್ಲಿ ನಡುಕದಿಂದ ಹಾಸಿಗೆ ಹಿಡಿದರು. ಆ ಆಚರಣೆ ನಿಂತ ಮೇಲೆ ಹುಟ್ಟಿದ ಮಕ್ಕಳಲ್ಲಿ ಮಾತ್ರ ರೋಗ ಬರಲಿಲ್ಲ.